ದೂರದ ಗೆಲಾಕ್ಸಿಗಳ ಯುವಿ ಬೆಳಕು ಕಾಲದೊಂದಿಗೆ ಹೇಗೆ ಬದಲಾಗಿದೆ? ನೀವೇ ಅಳೆಯಲು ಒಂದು ಮಾರ್ಗದರ್ಶಿ

ಎಂ.ಎಸ್ಸಿ. ಪ್ರಾಜೆಕ್ಟ್ ಹುಡುಕುತ್ತಿರುವ ಭೌತಶಾಸ್ತ್ರದ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆ ಇದು: ಹಬಲ್, ಜೇಮ್ಸ್ ವೆಬ್ ಚಿತ್ರಗಳೆಲ್ಲ ಪುಕ್ಕಟೆ ಸಿಗುತ್ತವಲ್ಲ, ಗೆಲಾಕ್ಸಿಗಳ ಯುವಿ (ನೇರಳಾತೀತ) ಲ್ಯುಮಿನಾಸಿಟಿ ಫಂಕ್ಷನ್ ಯುಗದಿಂದ ಯುಗಕ್ಕೆ ಹೇಗೆ ಬದಲಾಗಿದೆ ಅಂತ ನಾವೇ ಅಳೆದು ನೋಡಬಹುದೇ? ಖಂಡಿತ ಬಹುದು. ಒಂದು ಸಾಧಾರಣ ಲ್ಯಾಪ್‌ಟಾಪ್, ಪೈಥಾನ್ ಪರಿಚಯ ಮತ್ತು ತಾಳ್ಮೆ ಇದ್ದರೆ ಸಾಕು. ಆದರೆ ಹೆಚ್ಚಿನವರು ಗೆಲಾಕ್ಸಿಗಳನ್ನು ಎಣಿಸುವುದೇ ಕೆಲಸ ಎಂದುಕೊಂಡು ಶುರುಮಾಡುತ್ತಾರೆ. ಎಣಿಕೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಎಷ್ಟು ಗೆಲಾಕ್ಸಿಗಳು ಕಣ್ಣಿಗೆ ಬೀಳದೆ ತಪ್ಪಿಸಿಕೊಂಡವು ಎಂದು ಲೆಕ್ಕ ಹಾಕುವುದೇ ನಿಜವಾದ ಅಳತೆ. ತಿಂಗಳುಗಳು ಹೋಗುವುದು ಅಲ್ಲಿ.

ಮೊದಲು ಪದಗಳನ್ನು ಸರಿಮಾಡಿಕೊಳ್ಳೋಣ. ಲ್ಯುಮಿನಾಸಿಟಿ ಫಂಕ್ಷನ್ ಎಂದರೆ ವಿಶ್ವದ ಒಂದು ನಿರ್ದಿಷ್ಟ ಘನಗಾತ್ರದಲ್ಲಿ ಯಾವ ಪ್ರಕಾಶದ ಗೆಲಾಕ್ಸಿಗಳು ಎಷ್ಟೆಷ್ಟಿವೆ ಎಂದು ಹೇಳುವ ರೇಖೆ. ಅಡ್ಡ ಅಕ್ಷದಲ್ಲಿ ನಿರಪೇಕ್ಷ ಕಾಂತಿಮಾನ, ಅಂದರೆ ಗೆಲಾಕ್ಸಿಯ ಸ್ವಂತ ಪ್ರಕಾಶ. ಋಣಸಂಖ್ಯೆ ದೊಡ್ಡದಾದಷ್ಟೂ ಗೆಲಾಕ್ಸಿ ಹೆಚ್ಚು ಪ್ರಕಾಶಮಾನ. ಉದ್ದ ಅಕ್ಷದಲ್ಲಿ ಒಂದು ಘನ ಮೆಗಾಪಾರ್ಸೆಕ್‌ಗೆ, ಒಂದು ಕಾಂತಿಮಾನದ ಅಂತರಕ್ಕೆ ಎಷ್ಟು ಗೆಲಾಕ್ಸಿಗಳು ಎಂಬ ಸಾಂದ್ರತೆ. ಮೆಗಾಪಾರ್ಸೆಕ್ ಎಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ. ಕೆಂಪು ಪಲ್ಲಟ ಎಂದರೆ ವಿಶ್ವ ಹಿಗ್ಗಿದ್ದರಿಂದ ಬೆಳಕಿನ ತರಂಗಾಂತರ ಎಷ್ಟು ಉದ್ದವಾಗಿದೆ ಎಂಬುದರ ಅಳತೆ. ಪಲ್ಲಟ 4 ಎಂದರೆ ತರಂಗಾಂತರ ಐದು ಪಟ್ಟಾಗಿದೆ, ನಾವು ನೋಡುತ್ತಿರುವುದು ಮಹಾಸ್ಫೋಟದ ನಂತರ ಸುಮಾರು 150 ಕೋಟಿ ವರ್ಷಗಳ ಹೊತ್ತಿನ ವಿಶ್ವವನ್ನು.

ಯುವಿಯೇ ಏಕೆ? ಗೆಲಾಕ್ಸಿಯ ನೇರಳಾತೀತ ಬೆಳಕಿನ ಬಹುಪಾಲು ಬರುವುದು ಬಿಸಿಯಾದ, ಭಾರವಾದ, ಅಲ್ಪಾಯುಷಿ ನಕ್ಷತ್ರಗಳಿಂದ. ಹೊಸ ನಕ್ಷತ್ರಗಳು ಹುಟ್ಟುವುದು ನಿಂತರೆ ಹತ್ತು ಕೋಟಿ ವರ್ಷಗಳ ಆಸುಪಾಸಿನಲ್ಲಿ ಆ ಬೆಳಕು ಕುಗ್ಗುತ್ತದೆ. ಹಾಗಾಗಿ ಯುವಿ ಪ್ರಕಾಶ ಗೆಲಾಕ್ಸಿಯಲ್ಲಿ ಇತ್ತೀಚೆಗೆ ಎಷ್ಟು ನಕ್ಷತ್ರಗಳು ಹುಟ್ಟಿವೆ ಎಂಬುದರ ನೇರ ಗುರುತು.

ಏನೇನು ಬೇಕು

ಈ ಲೇಖನದ ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳುತ್ತೇನೆ: ದಕ್ಷಿಣ ಆಕಾಶದ ಫೋರ್ನಾಕ್ಸ್ ರಾಶಿಯಲ್ಲಿರುವ ಗುಡ್ಸ್-ಸೌತ್ ಪ್ರದೇಶ. ಹಬಲ್ ಬಹಳ ಹೊತ್ತು ದಿಟ್ಟಿಸಿ ಚಿತ್ರ ತೆಗೆದ ಚಿಕ್ಕ ಜಾಗ, ಹಬಲ್ ಅಲ್ಟ್ರಾ ಡೀಪ್ ಫೀಲ್ಡ್, ಇರುವುದು ಇದರೊಳಗೇ. ಹಬಲ್‌ನ 16 ವರ್ಷಗಳ ಸುಮಾರು 7,500 ಚಿತ್ರಗಳನ್ನು ಒಟ್ಟುಗೂಡಿಸಿ 2019ರಲ್ಲಿ ಬಿಡುಗಡೆ ಮಾಡಿದ ಹಬಲ್ ಲೆಗಸಿ ಫೀಲ್ಡ್ ಕೂಡ ಇದೇ ಜಾಗದ್ದು. ಬಾಹ್ಯಾಕಾಶ ದೂರದರ್ಶಕಗಳ ದತ್ತಾಂಶ ಇಟ್ಟಿರುವ ಮಾಸ್ಟ್ ಸಂಗ್ರಹಾಗಾರದಿಂದ ಇಳಿಸಿಕೊಳ್ಳಬಹುದು. ವೆಬ್ ದೂರದರ್ಶಕದ ಜೇಡ್ಸ್ ಸಮೀಕ್ಷೆಯೂ ಇಲ್ಲೇ ನಡೆದಿದೆ.

ತಂತ್ರಾಂಶಕ್ಕೆ ಕಾಸು ಖರ್ಚಿಲ್ಲ. ಆಸ್ಟ್ರೋಪೈ, ಫೋಟ್ಯುಟಿಲ್ಸ್ ಎಂಬ ಪೈಥಾನ್ ಪ್ಯಾಕೇಜುಗಳು, ಗೆಲಾಕ್ಸಿಗಳನ್ನು ಚಿತ್ರದಲ್ಲಿ ಹುಡುಕಿ ಪಟ್ಟಿ ಮಾಡುವ ಸೋರ್ಸ್ ಎಕ್ಸ್‌ಟ್ರ್ಯಾಕ್ಟರ್, ಬಣ್ಣಗಳಿಂದ ಪಲ್ಲಟ ಅಂದಾಜಿಸುವ ಈಝಿ. ಇಷ್ಟಿದ್ದರೆ ಆಯಿತು.

ಹಂತ 1: ಯುಗಗಳನ್ನೂ ಫಿಲ್ಟರುಗಳನ್ನೂ ಜೋಡಿಸಿ

ಬದಲಾವಣೆ ಅಳೆಯಲು ಕನಿಷ್ಠ ಎರಡು ಯುಗ ಬೇಕು. ಎರಡರಲ್ಲೂ ಗೆಲಾಕ್ಸಿಯಿಂದ ಹೊರಟಾಗಿನ ಒಂದೇ ತರಂಗಾಂತರವನ್ನು ಅಳೆಯಬೇಕು. ಈ ಕ್ಷೇತ್ರದವರು ಬಳಸುವುದು 1500ರಿಂದ 1600 ಆಂಗ್‌ಸ್ಟ್ರಾಮ್. ಪಲ್ಲಟ 4ರಲ್ಲಿ ಇದು ಐದು ಪಟ್ಟಾಗಿ 7,500–8,000 ಆಂಗ್‌ಸ್ಟ್ರಾಮ್‌ಗೆ ಬರುತ್ತದೆ. ಹಬಲ್‌ನ ಎಫ್‌775ಡಬ್ಲ್ಯೂ ಫಿಲ್ಟರ್ ಅಲ್ಲಿದೆ. ಪಲ್ಲಟ 7ರಲ್ಲಿ ಎಂಟು ಪಟ್ಟು, ಅದಕ್ಕೆ ಎಫ್‌125ಡಬ್ಲ್ಯೂ ಸರಿ. ಮೊದಲ ಸಲ ಮಾಡುವವರಿಗೆ 4 ಮತ್ತು 7 ಒಳ್ಳೆಯ ಜೋಡಿ, ನಡುವಿನ ಅಂತರ ಸುಮಾರು 75 ಕೋಟಿ ವರ್ಷ.

ಹತ್ತಿರದ ಯುಗ ಬೇಕೆಂದರೆ ಹಬಲ್ ಒಂದೇ ದಾರಿಯಲ್ಲ. ಇಸ್ರೋ 2015ರ ಸೆಪ್ಟೆಂಬರ್ 28ರಂದು ಹಾರಿಸಿದ ಆಸ್ಟ್ರೋಸ್ಯಾಟ್‌ನಲ್ಲಿರುವ ಯುವಿಐಟಿ ದೂರದರ್ಶಕವೂ ಗುಡ್ಸ್-ಸೌತ್ ಅನ್ನು ನೋಡಿದೆ. ಅದರ ಎನ್‌242ಡಬ್ಲ್ಯೂ ಫಿಲ್ಟರಿನ ಕೇಂದ್ರ 2,418 ಆಂಗ್‌ಸ್ಟ್ರಾಮ್. 1500ರಿಂದ ಭಾಗಿಸಿದರೆ 1.6, ಅಂದರೆ ಪಲ್ಲಟ 0.6ರ ಗೆಲಾಕ್ಸಿಗಳಿಗೆ ಹೇಳಿ ಮಾಡಿಸಿದ ಫಿಲ್ಟರ್. ಯುವಿಐಟಿಯ ಹೊಣೆ ಹೊತ್ತಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಆಸ್ಟ್ರೋಸ್ಯಾಟ್ ದತ್ತಾಂಶ ಕಾಯ್ದಿಟ್ಟಿರುವುದು ಬ್ಯಾಲಾಳಿನ ಇಸ್ರೋ ಕೇಂದ್ರದಲ್ಲಿ. ಅದೂ ಮುಕ್ತವಾಗಿ ಸಿಗುತ್ತದೆ.

ಹಂತ 2: ಪಟ್ಟಿ

ನೀವೇ ಪಟ್ಟಿ ಮಾಡಬಹುದು, ಇಲ್ಲವೇ 3ಡಿ-ಎಚ್‌ಎಸ್‌ಟಿಯಂತಹ ಸಿದ್ಧ ಪಟ್ಟಿ ತೆಗೆದುಕೊಳ್ಳಬಹುದು. ಅಭ್ಯಾಸಕ್ಕೆ ಸಿದ್ಧ ಪಟ್ಟಿ ಸಾಕು. ಆದರೆ ಹಂತ 6ಕ್ಕೆ ಮೂಲ ಚಿತ್ರಗಳೂ ಪಟ್ಟಿ ಮಾಡಿದ ವಿಧಾನವೂ ನಿಮ್ಮ ಕೈಯಲ್ಲಿರಲೇಬೇಕು, ಅದನ್ನು ಈಗಲೇ ಖಚಿತಪಡಿಸಿಕೊಳ್ಳಿ.

ಬಣ್ಣ ಅಳೆಯುವಾಗ ಎಲ್ಲ ಚಿತ್ರಗಳ ಮಸುಕನ್ನು ಒಂದೇ ಮಟ್ಟಕ್ಕೆ ತನ್ನಿ. ಬಣ್ಣ ಎಂದರೆ ಎರಡು ಫಿಲ್ಟರುಗಳ ಕಾಂತಿಮಾನಗಳ ವ್ಯತ್ಯಾಸ. ಒಂದು ಚಿತ್ರ ಚೂಪು, ಇನ್ನೊಂದು ಮಸುಕು ಇದ್ದರೆ ಆ ವ್ಯತ್ಯಾಸದಲ್ಲಿ ಗೆಲಾಕ್ಸಿಗಿಂತ ದೂರದರ್ಶಕದ ಪಾಲೇ ಹೆಚ್ಚಿರುತ್ತದೆ. ಬಣ್ಣಕ್ಕೆ ಚಿಕ್ಕ ವೃತ್ತ, ಒಟ್ಟು ಪ್ರಕಾಶಕ್ಕೆ ದೊಡ್ಡ ವೃತ್ತ ಬಳಸಿ. ಒಂದನ್ನೇ ಎರಡಕ್ಕೂ ಬಳಸಿದರೆ ಯಾವುದಾದರೂ ಒಂದು ಕೆಡುತ್ತದೆ.

ಹಂತ 3: ಲೈಮನ್ ಕುಸಿತದಿಂದ ಆರಿಸುವುದು

ಸಾವಿರಾರು ಗೆಲಾಕ್ಸಿಗಳಿಗೆಲ್ಲ ರೋಹಿತ, ಅಂದರೆ ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿದ ಪಟ್ಟಿ, ತೆಗೆಯಲು ಆಗುವುದಿಲ್ಲ, ಫಿಲ್ಟರುಗಳಿಂದಲೇ ದೂರ ಗುರುತಿಸಬೇಕು. ಇದಕ್ಕೊಂದು ಉಪಾಯವಿದೆ. 912 ಆಂಗ್‌ಸ್ಟ್ರಾಮ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನು ತಟಸ್ಥ ಹೈಡ್ರೋಜನ್ ನುಂಗಿಬಿಡುತ್ತದೆ. ದೂರದ ಗೆಲಾಕ್ಸಿಗಳ ವಿಷಯದಲ್ಲಿ ದಾರಿಯುದ್ದಕ್ಕೂ ಇರುವ ಹೈಡ್ರೋಜನ್ ಮೋಡಗಳು 1216 ಆಂಗ್‌ಸ್ಟ್ರಾಮ್‌ನ ಕೆಳಗಿನ ಬೆಳಕನ್ನೂ ತಿನ್ನುತ್ತವೆ. ಹಾಗಾಗಿ ಗೆಲಾಕ್ಸಿ ಕೆಂಪು ಕಡೆಯ ಫಿಲ್ಟರುಗಳಲ್ಲಿ ಚೆನ್ನಾಗಿ ಕಾಣುತ್ತದೆ, ನೀಲಿ ಕಡೆಯದರಲ್ಲಿ ದಿಢೀರನೆ ಮಾಯ. ಇದೇ ಲೈಮನ್ ಕುಸಿತ. 1990ರ ದಶಕದಲ್ಲಿ ಚಾರ್ಲ್ಸ್ ಸ್ಟೈಡೆಲ್ ಮತ್ತು ಸಂಗಡಿಗರು ಪಲ್ಲಟ 3ರ ಗೆಲಾಕ್ಸಿಗಳನ್ನು ಹೀಗೆ ಆರಿಸಿ ಕೆಕ್ ದೂರದರ್ಶಕದ ರೋಹಿತಗಳಿಂದ ದೃಢಪಡಿಸಿದ ಮೇಲೆ ಈ ವಿಧಾನ ಬೇರೂರಿತು. ಹೀಗೆ ಮಾಯವಾಗುವ ಗೆಲಾಕ್ಸಿಗಳಿಗೆ ಡ್ರಾಪ್‌ಔಟ್ ಎಂದೇ ಹೆಸರು.

ಪಲ್ಲಟ 4ರಲ್ಲಿ 1216 ಬಂದು ನಿಲ್ಲುವುದು 6,080ಕ್ಕೆ, 912 ಬರುವುದು 4,560ಕ್ಕೆ. ಹೀಗಾಗಿ ನೀಲಿ ಕಡೆಯ ಎಫ್‌435ಡಬ್ಲ್ಯೂ ಫಿಲ್ಟರಿನಲ್ಲಿ ಗೆಲಾಕ್ಸಿ ಬಹುಪಾಲು ಮಾಯವಾಗುತ್ತದೆ. ಎಫ್‌435ಡಬ್ಲ್ಯೂ ಮತ್ತು ಎಫ್‌606ಡಬ್ಲ್ಯೂ ಕಾಂತಿಮಾನಗಳ ವ್ಯತ್ಯಾಸ 1ಕ್ಕಿಂತ ಹೆಚ್ಚಿರಬೇಕು, ಕೆಂಪು ಕಡೆಯ ಬಣ್ಣ ಮಾತ್ರ ನೀಲಿಯಾಗಿಯೇ ಇರಬೇಕು. ಈ ಎರಡನೆಯ ಶರತ್ತನ್ನು ಬಿಡಬೇಡಿ.

ಮಾಯವಾದ ಫಿಲ್ಟರಿನಲ್ಲಿ ಅಳತೆ ಸೊನ್ನೆಯೋ ಋಣವೋ ಬರಬಹುದು. ಅದರ ಲಾಗರಿದಮ್ ತೆಗೆಯಲು ಹೋದರೆ ಪೈಥಾನ್ ಸದ್ದಿಲ್ಲದೆ ಆ ಸಾಲನ್ನು ಖಾಲಿ ಮಾಡಿಬಿಡುತ್ತದೆ, ನಿಮಗೆ ಬೇಕಾದ ಗೆಲಾಕ್ಸಿಗಳೇ ಪಟ್ಟಿಯಿಂದ ಉದುರಿಹೋಗುತ್ತವೆ. ಅಂತಹ ಕಡೆ ಚಿತ್ರದ ಗದ್ದಲದ ಮಟ್ಟವನ್ನೇ, ಅಂದರೆ ಒಂದು ಸಿಗ್ಮಾ ಮಿತಿಯನ್ನು, ಹಾಕಿಕೊಳ್ಳಿ.

ಹಂತ 4: ವೇಷಧಾರಿಗಳನ್ನು ಹೊರಹಾಕಿ

ಎರಡು ಗುಂಪು ಮುಖ್ಯ. ಒಂದು, ನಮ್ಮದೇ ಆಕಾಶಗಂಗೆಯ ತಂಪಾದ ಕುಬ್ಜ ನಕ್ಷತ್ರಗಳು. ಪಲ್ಲಟ 6–7ರ ಆಯ್ಕೆಯಲ್ಲಿ ಇವುಗಳ ಕಾಟ ಹೆಚ್ಚು. ಚುಕ್ಕೆಯಷ್ಟು ಚೂಪಾಗಿರುವುದನ್ನು ನೋಡಿ ಗುರುತಿಸಬಹುದು. ಎರಡು, ಹತ್ತಿರದ ಹಳೆಯ ಗೆಲಾಕ್ಸಿಗಳು. ಅವುಗಳ ರೋಹಿತದಲ್ಲಿ 4,000 ಆಂಗ್‌ಸ್ಟ್ರಾಮ್ ಬಳಿ ಒಂದು ಕುಸಿತವಿದೆ. ಪಲ್ಲಟ 0.5ರಲ್ಲಿ ಅದು 6,000ಕ್ಕೆ ಸರಿದು ಪಲ್ಲಟ 4ರ ಲೈಮನ್ ಕುಸಿತವನ್ನೇ ಅನುಕರಿಸುತ್ತದೆ. ಹಂತ 3ರ ಎರಡನೆಯ ಶರತ್ತು ಇರುವುದು ಇವುಗಳಿಗಾಗಿಯೇ: ಹಳೆಯ ಗೆಲಾಕ್ಸಿ ಕೆಂಪು ಕಡೆಯಲ್ಲೂ ಕೆಂಪಾಗಿಯೇ ಇರುತ್ತದೆ.

ಈಝಿಯಂತಹ ತಂತ್ರಾಂಶ ಪ್ರತಿ ಗೆಲಾಕ್ಸಿಗೂ ಪಲ್ಲಟದ ಸಂಭಾವ್ಯತೆಯ ರೇಖೆ ಕೊಡುತ್ತದೆ. ಬರೀ ಶಿಖರವನ್ನು ನೋಡಿ ಒಪ್ಪಿಕೊಳ್ಳಬೇಡಿ, ಕಡಿಮೆ ಪಲ್ಲಟದ ಕಡೆ ಎರಡನೆಯ ಗುಡ್ಡ ಎಷ್ಟು ದೊಡ್ಡದಿದೆ ಎಂದು ನೋಡಿ. ಸಿಇಇಆರ್‌ಎಸ್-93316 ಎಂಬ ಗೆಲಾಕ್ಸಿಯನ್ನು ವೆಬ್‌ನ ಮೊದಲ ಚಿತ್ರಗಳಿಂದ ಪಲ್ಲಟ 16ರ ಆಸುಪಾಸಿನದು ಎಂದು ಅಂದಾಜಿಸಿದ್ದರು. ರೋಹಿತ ತೆಗೆದಾಗ ಬಂದದ್ದು 4.9. ಪ್ರಬಲ ಹೊರಸೂಸು ರೇಖೆಗಳು ಮತ್ತು ಧೂಳು ಸೇರಿ ಅತಿ ದೂರದ ಗೆಲಾಕ್ಸಿಯ ಬಣ್ಣಗಳನ್ನೇ ಸೃಷ್ಟಿಸಿದ್ದವು. ನುರಿತವರಿಗೂ ಹೀಗಾಗುತ್ತದೆ ಎಂದರೆ, ನಿಮ್ಮ ಪಟ್ಟಿಯಲ್ಲಿ ಇಂತಹವು ಇಲ್ಲವೆಂದು ಭಾವಿಸಲು ಕಾರಣವಿಲ್ಲ. ಎಷ್ಟು ಪಾಲು ಇರಬಹುದೆಂದು ಅಂದಾಜಿಸಿ ಕಳೆಯಿರಿ.

ಹಂತ 5: ತೋರಿಕೆಯ ಕಾಂತಿಮಾನದಿಂದ ನಿರಪೇಕ್ಷ ಕಾಂತಿಮಾನಕ್ಕೆ

ಇದು ಒಂದೇ ಸಾಲಿನ ಲೆಕ್ಕ. ಆದರೂ ನನಗೆ ತೋರಿಸಲು ತರುವ ಪ್ರಾಜೆಕ್ಟುಗಳಲ್ಲಿ ಅತಿ ಹೆಚ್ಚು ತಪ್ಪಿರುವ ಸಾಲೂ ಇದೇ, ಹಾಗಾಗಿ ಸಂಖ್ಯೆಗಳನ್ನೇ ಇಟ್ಟು ಮಾಡೋಣ.

ಸೂತ್ರ: ನಿರಪೇಕ್ಷ ಕಾಂತಿಮಾನ = ತೋರಿಕೆಯ ಕಾಂತಿಮಾನ − ದೂರದ ಮಾಡ್ಯುಲಸ್ + 2.5 × ಲಾಗ್ (1 + ಪಲ್ಲಟ). ತೋರಿಕೆಯ ಕಾಂತಿಮಾನ ಎಂದರೆ ನಮಗೆ ಚಿತ್ರದಲ್ಲಿ ಕಾಣುವ ಪ್ರಕಾಶ, ಸಂಖ್ಯೆ ದೊಡ್ಡದಾದಷ್ಟೂ ಮಂಕು. ದೂರದ ಮಾಡ್ಯುಲಸ್ ಎಂದರೆ ದೂರದಿಂದಾಗಿ ಬೆಳಕು ಎಷ್ಟು ಕಾಂತಿಮಾನ ಮಂಕಾಗಿದೆ ಎಂಬುದು. ಕೊನೆಯ ಪದ ಏಕೆಂದರೆ, ನಾವು ಬಳಸುವ ಎಬಿ ಕಾಂತಿಮಾನ ಆವರ್ತನದ ಒಂದೊಂದು ಏಕಮಾನಕ್ಕೆ ಬರುವ ಬೆಳಕನ್ನು ಅಳೆಯುತ್ತದೆ. ವಿಶ್ವ ಹಿಗ್ಗಿದಾಗ ಆವರ್ತನದ ಪಟ್ಟಿಯೂ ಕುಗ್ಗುವುದರಿಂದ ಪ್ರತಿ ಏಕಮಾನದಲ್ಲಿ ಬೆಳಕು ಒತ್ತಾಗಿ ಸೇರಿರುತ್ತದೆ. ಗೆಲಾಕ್ಸಿ ಇರುವುದಕ್ಕಿಂತ ಪ್ರಕಾಶಮಾನವಾಗಿ ಕಂಡಿರುತ್ತದೆ, ಅದನ್ನು ಸರಿಪಡಿಸಬೇಕು.

ವಿಶ್ವ ಹಿಗ್ಗುವ ದರವನ್ನು ಹೇಳುವ ಹಬಲ್ ಸ್ಥಿರಾಂಕ 70, ವಿಶ್ವದಲ್ಲಿ ದ್ರವ್ಯದ ಪಾಲು 0.3 ಎಂದು ಇಟ್ಟುಕೊಳ್ಳಿ. ಪಲ್ಲಟ 4ಕ್ಕೆ ಪ್ರಕಾಶ-ದೂರ (ಬೆಳಕು ಮಂಕಾಗುವ ಲೆಕ್ಕಕ್ಕೆ ಬಳಸುವ ದೂರ) ಸುಮಾರು 35,850 ಮೆಗಾಪಾರ್ಸೆಕ್, ಮಾಡ್ಯುಲಸ್ 47.77. ಐದರ ಲಾಗ್‌ನ 2.5 ಪಟ್ಟು 1.75. ಹಾಗಾಗಿ 26ನೇ ಕಾಂತಿಮಾನದ ಗೆಲಾಕ್ಸಿಯ ನಿರಪೇಕ್ಷ ಕಾಂತಿಮಾನ 26 − 47.77 + 1.75 = −20.02. ಕೊನೆಯ ಪದ ಮರೆತರೆ −21.77, ಅಂದರೆ ಐದು ಪಟ್ಟು ಹೆಚ್ಚು ಪ್ರಕಾಶ. ಕೂಡುವ ಬದಲು ಕಳೆದರೆ −23.52, ಇಪ್ಪತ್ತೈದು ಪಟ್ಟು. ಪಲ್ಲಟ 7ಕ್ಕೆ ಇದೇ ಲೆಕ್ಕದಲ್ಲಿ 26ನೇ ಕಾಂತಿಮಾನ −20.94 ಆಗುತ್ತದೆ. ನಿಮ್ಮ ಪ್ರೋಗ್ರಾಂ ಈ ಎರಡು ಉತ್ತರಗಳನ್ನು ಕೊಡುತ್ತದೆಯೇ ಎಂದು ನೋಡಿಕೊಂಡೇ ಮುಂದೆ ಹೋಗಿ. ಕೊಡದಿದ್ದರೆ ನಿಮಗೆ ಸಿಗುವ 'ಬದಲಾವಣೆ'ಯಲ್ಲಿ ಅರ್ಧ ನಿಮ್ಮ ಕೂಡು-ಕಳೆ ಚಿಹ್ನೆಯ ತಪ್ಪಿನದು.

ಹಂತ 6: ಕಾಣದವುಗಳನ್ನು ಎಣಿಸುವುದು

ಇಡೀ ಕೆಲಸದ ತಿರುಳು ಇಲ್ಲಿದೆ. ಚಿತ್ರದಲ್ಲಿ 27ನೇ ಕಾಂತಿಮಾನದ ನೂರು ಗೆಲಾಕ್ಸಿಗಳಿದ್ದರೆ ನಿಮ್ಮ ವಿಧಾನ ಎಷ್ಟನ್ನು ಹಿಡಿಯುತ್ತದೆ? ತೊಂಬತ್ತೇ, ನಲವತ್ತೇ? ಊಹೆಯಿಂದ ಹೇಳಲು ಆಗುವುದಿಲ್ಲ. ಕೃತಕ ಗೆಲಾಕ್ಸಿಗಳನ್ನು ನೀವೇ ಮಾಡಿ ನಿಜವಾದ ಚಿತ್ರದಲ್ಲಿ ಬಿತ್ತಿ, ಹಂತ 2ರಿಂದ 4ರವರೆಗಿನ ಎಲ್ಲವನ್ನೂ ಮತ್ತೆ ನಡೆಸಿ, ಎಷ್ಟು ವಾಪಸ್ ಬಂದವು ಎಂದು ನೋಡಬೇಕು. ಈ ಪಾಲಿಗೆ ಕಂಪ್ಲೀಟ್‌ನೆಸ್, ಅಂದರೆ ಪೂರ್ಣತೆ ಎನ್ನುತ್ತಾರೆ.

ಮಾಡುವ ಕ್ರಮ ಹೀಗಿದೆ:

1. ಒಂದು ಕಾಂತಿಮಾನ, ಒಂದು ಪಲ್ಲಟ ಆರಿಸಿ. ಯುವಿ ರೋಹಿತದ ಇಳಿಜಾರಿಗೆ ಬೀಟಾ ಎನ್ನುತ್ತಾರೆ. ತರಂಗಾಂತರದ ಜೊತೆ ಪ್ರಕಾಶ ಎಷ್ಟು ಬೇಗ ಇಳಿಯುತ್ತದೆ ಎಂಬ ಘಾತ ಅದು. ಅದನ್ನು −2ರ ಸುತ್ತಮುತ್ತ ಸ್ವಲ್ಪ ಚದುರಿಸಿ. ಹೈಡ್ರೋಜನ್ ಮೋಡಗಳ ನುಂಗುವಿಕೆಯನ್ನು ಸೇರಿಸಿ ಪ್ರತಿ ಫಿಲ್ಟರಿನಲ್ಲೂ ಎಷ್ಟು ಬೆಳಕು ಬರಬೇಕೆಂದು ಲೆಕ್ಕಹಾಕಿ.

2. ಗೆಲಾಕ್ಸಿಗೆ ಆಕಾರ ಕೊಡಿ. ಎಲ್ಲಕ್ಕೂ ಒಂದೇ ಗಾತ್ರ ಬೇಡ. ಪಲ್ಲಟ 4ರಲ್ಲಿ ಒಂದು ಆರ್ಕ್‌ಸೆಕೆಂಡ್ ಎಂದರೆ ಸುಮಾರು 7 ಕಿಲೋಪಾರ್ಸೆಕ್, ಹಾಗಾಗಿ ಒಂದು ಕಿಲೋಪಾರ್ಸೆಕ್ ತ್ರಿಜ್ಯದ ಗೆಲಾಕ್ಸಿ 0.14 ಆರ್ಕ್‌ಸೆಕೆಂಡ್ ಮಾತ್ರ. ಕೆಲವು ಇದಕ್ಕಿಂತ ಚಿಕ್ಕವು, ಕೆಲವು ಎರಡು ಪಟ್ಟು.

3. ಚಿತ್ರದ ಎಲ್ಲೆಂದರಲ್ಲಿ ಬಿತ್ತಿ. ಒಂದು ಸಲಕ್ಕೆ ಕೆಲವನ್ನು ಮಾತ್ರ. ಹೆಚ್ಚು ತುಂಬಿದರೆ ಕೃತಕ ಗೆಲಾಕ್ಸಿಗಳು ಒಂದನ್ನೊಂದು ಮುಚ್ಚಿ ಪೂರ್ಣತೆ ಸುಳ್ಳೇ ಇಳಿಯುತ್ತದೆ. ಹತ್ತಿರದ ದೊಡ್ಡ ಗೆಲಾಕ್ಸಿಯ ಮೇಲೆ ಬಿದ್ದದ್ದನ್ನು ತೆಗೆಯಬೇಡಿ, ನಿಜವಾದವೂ ಹಾಗೆಯೇ ಮರೆಯಾಗುತ್ತವೆ.

4. ಪಟ್ಟಿ ಮಾಡಿ, ಬಣ್ಣದ ಶರತ್ತು ಹಾಕಿ, ಸಿಕ್ಕವನ್ನು ಎಣಿಸಿ. ಇದನ್ನು ಕಾಂತಿಮಾನ ಮತ್ತು ಪಲ್ಲಟದ ಪ್ರತಿ ಚೌಕಕ್ಕೂ ಮಾಡಿ. ರಾತ್ರಿಯಿಡೀ ಓಡಲು ಬಿಡಿ.

ಎಚ್ಚರ ಬೇಕಾದ್ದು ಗಾತ್ರದ ವಿಷಯದಲ್ಲಿ. ಹಿಗ್ಗಿದ ಗೆಲಾಕ್ಸಿಯ ಬೆಳಕು ಹೆಚ್ಚು ಪಿಕ್ಸೆಲ್‌ಗಳಿಗೆ ಹಂಚಿಹೋಗಿ ಗದ್ದಲದಲ್ಲಿ ಮುಳುಗುತ್ತದೆ. ಮಂಕು ಗೆಲಾಕ್ಸಿಗಳಿಗೆ ನೀವು ನಿಜಕ್ಕಿಂತ ದೊಡ್ಡ ಗಾತ್ರ ಕೊಟ್ಟರೆ ಪೂರ್ಣತೆ ಕಡಿಮೆ ಬರುತ್ತದೆ, ಅದರಿಂದ ಭಾಗಿಸಿದಾಗ ಎಣಿಕೆ ಉಬ್ಬುತ್ತದೆ. ಆಗ ರೇಖೆಯ ಮಂಕು ತುದಿ ಇಲ್ಲದ ಕಡಿದಾದ ಏರು ತೋರಿಸುತ್ತದೆ. ಪೂರ್ಣತೆ ಶೇ. 50ಕ್ಕಿಂತ ಇಳಿದ ಮೇಲಿನ ಬಿಂದುಗಳನ್ನು ನಾನಂತೂ ನಂಬುವುದಿಲ್ಲ. ಅವನ್ನು ರೇಖೆಯಲ್ಲಿ ತೋರಿಸಿ, ಲೆಕ್ಕಕ್ಕೆ ಸೇರಿಸಬೇಡಿ.

ಇದೇ ಪ್ರಯೋಗದಿಂದ ಇನ್ನೊಂದು ಉಪಯೋಗವಿದೆ. 27ರಲ್ಲಿ ಬಿತ್ತಿದ್ದು 26.7ಕ್ಕೆ ಬಂದು ಕೂತಿರುವುದು ನಿಮಗೆ ಕಾಣುತ್ತದೆ. ಮಂಕು ಗೆಲಾಕ್ಸಿಗಳ ಸಂಖ್ಯೆ ಹೆಚ್ಚು, ಹಾಗಾಗಿ ಗದ್ದಲದಿಂದ ಮೇಲಕ್ಕೆ ಜಾರುವವು ಕೆಳಕ್ಕೆ ಜಾರುವವಕ್ಕಿಂತ ಜಾಸ್ತಿ. ಇದಕ್ಕೆ ಎಡಿಂಗ್ಟನ್ ಪಕ್ಷಪಾತ ಎಂದು ಹೆಸರು. ಯಾವ ಅಂಕಣದಿಂದ ಯಾವ ಅಂಕಣಕ್ಕೆ ಎಷ್ಟು ಪಾಲು ಜಾರಿತು ಎಂಬ ಕೋಷ್ಟಕವನ್ನು ಈಗಲೇ ಉಳಿಸಿಕೊಳ್ಳಿ.

ಹಂತ 7: ಘನಗಾತ್ರದಿಂದ ಭಾಗಿಸಿ

ಪೂರ್ಣತೆಯನ್ನು ಪ್ರತಿ ಪಲ್ಲಟದ ಘನಗಾತ್ರದೊಂದಿಗೆ ಗುಣಿಸಿ ಕೂಡಿಸಿದರೆ ಸಿಗುವುದೇ ಪರಿಣಾಮಕಾರಿ ಘನಗಾತ್ರ. ಅರ್ಧರ್ಧ ಕಾಂತಿಮಾನದ ಅಂಕಣ ಮಾಡಿ, ಪ್ರತಿ ಅಂಕಣದ ಎಣಿಕೆಯನ್ನು ಅದರ ಘನಗಾತ್ರದಿಂದಲೂ ಅಂಕಣದ ಅಗಲದಿಂದಲೂ ಭಾಗಿಸಿ. ಅಗಲದಿಂದ ಭಾಗಿಸುವುದು ಮರೆತರೆ ಉತ್ತರ ಅರ್ಧಕ್ಕೆ ಇಳಿಯುತ್ತದೆ.

ಕೈಲೆಕ್ಕಕ್ಕೆ ಒಂದು ಸಂಖ್ಯೆ ನೆನಪಿಡಿ: ಪಲ್ಲಟ 3.5ರಿಂದ 4.5ರ ನಡುವೆ, ಆಕಾಶದ ಪ್ರತಿ ಚದರ ಆರ್ಕ್‌ಮಿನಿಟ್‌ಗೆ ಸುಮಾರು 3,000 ಘನ ಮೆಗಾಪಾರ್ಸೆಕ್. ಅಲ್ಟ್ರಾ ಡೀಪ್ ಫೀಲ್ಡ್‌ನ ವಿಸ್ತೀರ್ಣ ಸುಮಾರು 11 ಚದರ ಆರ್ಕ್‌ಮಿನಿಟ್, ಅಂದರೆ 33,000 ಘನ ಮೆಗಾಪಾರ್ಸೆಕ್. ಪ್ರಕಟಿತ ಮೌಲ್ಯಗಳ ಪ್ರಕಾರ ಅಲ್ಲಿ −21ರ ಸುತ್ತ ಒಂದು ಕಾಂತಿಮಾನದ ಅಂತರದಲ್ಲಿ ಇಪ್ಪತ್ತರಷ್ಟು ಗೆಲಾಕ್ಸಿಗಳು ಸಿಗಬೇಕು. −23ರ ಸುತ್ತ? ಲೆಕ್ಕದ ಪ್ರಕಾರ 0.03. ಒಂದೂ ಸಿಗುವುದಿಲ್ಲ. ಎಷ್ಟು ಆಳಕ್ಕೆ ನೋಡಿದರೂ ಚಿಕ್ಕ ಜಾಗದಲ್ಲಿ ಪ್ರಕಾಶಮಾನ ತುದಿ ಖಾಲಿಯೇ. ಅದಕ್ಕೇ ಆಳವಾದ ಚಿಕ್ಕ ಪ್ರದೇಶದ ಜೊತೆಗೆ ಅಗಲವಾದ ಪ್ರದೇಶವೂ ಬೇಕು: ಇಡೀ ಗುಡ್ಸ್-ಸೌತ್, ಸಾಧ್ಯವಾದರೆ ಹಬಲ್‌ನ ಕ್ಯಾಂಡಲ್ಸ್ ಸಮೀಕ್ಷೆಯ ಐದೂ ಪ್ರದೇಶಗಳು. ಒಂದೇ ಪ್ರದೇಶ ಬಳಸಿದರೆ ಇನ್ನೊಂದು ತೊಂದರೆಯೂ ಇದೆ. ಗೆಲಾಕ್ಸಿಗಳು ಗುಂಪುಗಟ್ಟುವುದರಿಂದ ನೀವು ನೋಡಿದ ಕಿಂಡಿಯಲ್ಲಿ ಸರಾಸರಿಗಿಂತ ಹೆಚ್ಚೋ ಕಡಿಮೆಯೋ ಇರಬಹುದು.

ಖಾಲಿ ಅಂಕಣವನ್ನು ಎಸೆಯಬೇಡಿ. ಸೊನ್ನೆ ಎಣಿಕೆಗೂ ಮಾಹಿತಿ ಇದೆ: ಒಂದು ಸಿಗ್ಮಾ ಮೇಲ್ಮಿತಿ 1.84 ಗೆಲಾಕ್ಸಿ. ಕಡಿಮೆ ಎಣಿಕೆಗಳಿಗೆ ವರ್ಗಮೂಲದ ದೋಷಪಟ್ಟಿ ಹಾಕುವುದೂ ತಪ್ಪು, ಪಾಯಿಸಾನ್ ಮಿತಿಗಳನ್ನು ಬಳಸಿ.

ಹಂತ 8: ಶೆಕ್ಟರ್ ರೇಖೆ ಹೊಂದಿಸುವುದು

1976ರಲ್ಲಿ ಪಾಲ್ ಶೆಕ್ಟರ್ ಮಂಡಿಸಿದ ರೂಪವನ್ನೇ ಇವತ್ತಿಗೂ ಬಳಸುತ್ತೇವೆ. ಅದರಲ್ಲಿ ಮೂರು ಸಂಖ್ಯೆಗಳಿವೆ. ರೇಖೆ ಬಾಗುವ ಜಾಗದ ಕಾಂತಿಮಾನ ಎಂ-ಸ್ಟಾರ್. ಅಲ್ಲಿನ ಸಾಂದ್ರತೆಯನ್ನು ನಿಗದಿ ಮಾಡುವುದು ಫೈ-ಸ್ಟಾರ್. ಮಂಕು ಕಡೆಯ ಇಳಿಜಾರು ಆಲ್ಫಾ. ಅದು −1ಕ್ಕಿಂತ ಎಷ್ಟು ಕೆಳಗಿದೆಯೋ ಅಷ್ಟು ಹೆಚ್ಚು ಮಂಕು ಗೆಲಾಕ್ಸಿಗಳು.

ಹೆಚ್ಚಿನವರು ಮೂರು ಸಂಖ್ಯೆಗಳನ್ನು ತೆಗೆದು, ಎರಡು ಯುಗಗಳ ಸಂಖ್ಯೆಗಳನ್ನು ಒಂದೊಂದಾಗಿ ಹೋಲಿಸಿ, 'ಎಂ-ಸ್ಟಾರ್ ಇಷ್ಟು ಬದಲಾಗಿದೆ' ಎಂದು ಬರೆದು ಮುಗಿಸುತ್ತಾರೆ. ಹಾಗೆ ಮಾಡಬೇಡಿ, ಈ ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಖಗೋಳವಿಜ್ಞಾನಿ ರಿಚರ್ಡ್ ಬೌವೆನ್ಸ್ ತಂಡದ್ದೇ ಎರಡು ಅಳತೆ ನೋಡಿ, ಎರಡೂ ಪಲ್ಲಟ 7ರವು. 2011ರಲ್ಲಿ ಎಂ-ಸ್ಟಾರ್ −20.14, ಫೈ-ಸ್ಟಾರ್ 0.00086, ಆಲ್ಫಾ −2.01. ಕ್ಯಾಂಡಲ್ಸ್‌ನ ಅಗಲ ಪ್ರದೇಶಗಳು ಸೇರಿದ ಮೇಲೆ 2015ರಲ್ಲಿ −20.87, 0.00029, −2.06. ಎಂ-ಸ್ಟಾರ್ ಸುಮಾರು ಎರಡು ಪಟ್ಟು ಪ್ರಕಾಶವಾಯಿತು, ಫೈ-ಸ್ಟಾರ್ ಮೂರನೇ ಒಂದಕ್ಕೆ ಇಳಿಯಿತು. ವಿಶ್ವವೇನೂ ನಾಲ್ಕು ವರ್ಷದಲ್ಲಿ ಬದಲಾಗಲಿಲ್ಲ. ಎರಡೂ ರೇಖೆಗಳಿಗೆ −19 ಹಾಕಿ ನೋಡಿ: ಸಾಂದ್ರತೆ 0.0016 ಮತ್ತು 0.0014, ಹೆಚ್ಚು ಕಡಿಮೆ ಒಂದೇ. −21ಕ್ಕೆ ಹಾಕಿದರೆ ಮಾತ್ರ ಎರಡು ಪಟ್ಟು ವ್ಯತ್ಯಾಸ. ದತ್ತಾಂಶ ಚೆನ್ನಾಗಿದ್ದ ಕಡೆ ಎರಡೂ ಒಪ್ಪುತ್ತವೆ, ಪ್ರಕಾಶಮಾನ ತುದಿಯಲ್ಲಿ ಬದಲಾದ ತಿಳಿವಳಿಕೆ ಮೂರೂ ಸಂಖ್ಯೆಗಳನ್ನು ಎಳೆದಾಡಿದೆ.

ಆದ್ದರಿಂದ ಸಂಖ್ಯೆಗಳ ಜೊತೆ ಅವುಗಳ ಜಂಟಿ ದೋಷದ ವಲಯವನ್ನೂ ಚಿತ್ರಿಸಿ. ಹೊಂದಿಸುವಾಗ ಹಂತ 6ರ ಜಾರುವಿಕೆಯ ಕೋಷ್ಟಕವನ್ನು ಮಾದರಿಯ ಮೇಲೆ ಹಾಕಿ, ನಂತರ ಎಣಿಕೆಯೊಂದಿಗೆ ಹೋಲಿಸಿ. ದತ್ತಾಂಶವನ್ನು ತಿದ್ದಲು ಹೋದರೆ ಗದ್ದಲ ಹೆಚ್ಚುತ್ತದೆ.

ಹಂತ 9: ಈಗ ಹೋಲಿಸಿ

ಒಂದು ವರ್ಷದ ರಾಗಿಯನ್ನು ಸೇರಿನಲ್ಲಿ, ಮುಂದಿನ ವರ್ಷದ್ದನ್ನು ಕೊಳಗದಲ್ಲಿ ಅಳೆದು ಬೆಳೆ ಇಳಿಯಿತು ಅಂದರೆ ಯಾರೂ ಒಪ್ಪುವುದಿಲ್ಲ. ಇಲ್ಲೂ ಅಷ್ಟೇ. ಎರಡೂ ಯುಗಗಳಿಗೆ ಒಂದೇ ವಿಶ್ವಮಾದರಿ, ಒಂದೇ ಹೊರಟ ತರಂಗಾಂತರ, ಒಂದೇ ಬಗೆಯ ಗಾತ್ರದ ಊಹೆ, ಪೂರ್ಣತೆಗೆ ಒಂದೇ ಮಿತಿ. ಪಲ್ಲಟ 4ರದ್ದನ್ನು ನೀವು ಅಳೆದು 7ರದ್ದನ್ನು ಬೇರೆ ಪ್ರಬಂಧದಿಂದ ತಂದರೆ, ಅವರ ಊಹೆಗಳೇನೆಂದು ಮೊದಲು ಓದಿ.

ಹೋಲಿಕೆಯನ್ನು ನಿಗದಿತ ಕಾಂತಿಮಾನಗಳಲ್ಲಿ ಮಾಡಿ: −19ರಲ್ಲಿ ಎಷ್ಟು ಪಟ್ಟು ಬದಲಾಯಿತು, −20ರಲ್ಲಿ ಎಷ್ಟು. ಶೆಕ್ಟರ್ ಸಂಖ್ಯೆಗಳು ಆಮೇಲೆ. ನಿಮಗೆ ಬರಬೇಕಾದ ಉತ್ತರದ ಅಂದಾಜು ಹೀಗಿದೆ: ಪಲ್ಲಟ 4ರಲ್ಲಿ ಎಂ-ಸ್ಟಾರ್ −20.9ರ ಆಸುಪಾಸು, ಫೈ-ಸ್ಟಾರ್ 0.0017ರಿಂದ 0.002, ಆಲ್ಫಾ −1.65ರ ಹತ್ತಿರ. ಪಲ್ಲಟ 7ರಲ್ಲಿ ಎಂ-ಸ್ಟಾರ್ ಹೆಚ್ಚೇನೂ ಬದಲಾಗುವುದಿಲ್ಲ, ಫೈ-ಸ್ಟಾರ್ ಏಳೆಂಟು ಪಟ್ಟು ಕಡಿಮೆ, ಆಲ್ಫಾ −2ರ ಆಚೆ. ಇತ್ತ ಹತ್ತಿರದ ವಿಶ್ವದಲ್ಲಿ ಗ್ಯಾಲೆಕ್ಸ್ ಉಪಗ್ರಹ ಅಳೆದ ಎಂ-ಸ್ಟಾರ್ ಸುಮಾರು −18, ಆಲ್ಫಾ −1.2. ಪಲ್ಲಟ 3ರಿಂದ ಇವತ್ತಿಗೆ ಎಂ-ಸ್ಟಾರ್ ಮೂರು ಕಾಂತಿಮಾನ, ಅಂದರೆ ಹದಿನಾರು ಪಟ್ಟು ಮಂಕಾಗಿದೆ.

ನಕ್ಷತ್ರಗಳು ಹುಟ್ಟುವ ದರಕ್ಕೆ ಹೋಗಬೇಕೆಂದರೆ ಎರಡು ಎಚ್ಚರಿಕೆ. ಮೊದಲನೆಯದು ಧೂಳು. ಯುವಿ ಬೆಳಕನ್ನು ಧೂಳು ಧಾರಾಳವಾಗಿ ನುಂಗುತ್ತದೆ. ಬೀಟಾದಿಂದ ಅಂದಾಜಿಸುವ 1999ರ ಮ್ಯೂರರ್ ಸೂತ್ರ ಇನ್ನೂ ಬಳಕೆಯಲ್ಲಿದೆ: ನಷ್ಟವಾದ ಕಾಂತಿಮಾನ = 4.43 + 1.99 × ಬೀಟಾ. ಬೀಟಾ −1.5 ಇದ್ದರೆ 1.45 ಕಾಂತಿಮಾನ, ನಿಜವಾದ ಬೆಳಕು ಕಂಡದ್ದರ ನಾಲ್ಕು ಪಟ್ಟಿಗೆ ಹತ್ತಿರ. −2.2 ಇದ್ದರೆ ನಷ್ಟ ಹೆಚ್ಚುಕಡಿಮೆ ಸೊನ್ನೆ. ಪ್ರಕಟಿತ ಲ್ಯುಮಿನಾಸಿಟಿ ಫಂಕ್ಷನ್‌ಗಳು ಸಾಮಾನ್ಯವಾಗಿ ಧೂಳಿನ ತಿದ್ದುಪಡಿ ಇಲ್ಲದವು, ನಿಮ್ಮದನ್ನೂ ಹಾಗೇ ಇಡಿ. ತಿದ್ದುಪಡಿ ಕೊನೆಯಲ್ಲಿ, ಪ್ರತ್ಯೇಕವಾಗಿ.

ಎರಡನೆಯದು ಎಲ್ಲಿಯವರೆಗೆ ಕೂಡಿಸುತ್ತೀರಿ ಎಂಬುದು. ಆಲ್ಫಾ −2 ತಲುಪಿದರೆ ಶೆಕ್ಟರ್ ರೇಖೆಯ ಒಟ್ಟು ಪ್ರಕಾಶ ಅನಂತಕ್ಕೆ ಹೋಗುತ್ತದೆ. ಹೀಗಾಗಿ −17ರಂತಹ ಒಂದು ಮಿತಿ ಇಟ್ಟು ಕೂಡಿಸುತ್ತಾರೆ. ಆ ಮಿತಿಯನ್ನು ಬರೆಯದೆ ಕೊಟ್ಟ ಒಟ್ಟು ಮೊತ್ತ ಯಾರ ಉಪಯೋಗಕ್ಕೂ ಬರುವುದಿಲ್ಲ.

ಪಲ್ಲಟ 10ರ ಆಚೆ ಹೋಗುವವರಿಗೆ

ವೆಬ್ ದತ್ತಾಂಶ ಕೈಗೆ ಸಿಕ್ಕಾಗ ಎಲ್ಲರ ಆಸೆಯೂ ಅತ್ತಲೇ. ಗುಡ್ಸ್-ಸೌತ್‌ನಲ್ಲೇ ಇರುವ ಜೇಡ್ಸ್-ಜಿಎಸ್-ಝೆಡ್14-0 ಎಂಬ ಗೆಲಾಕ್ಸಿಯ ಪಲ್ಲಟ ವೆಬ್ ರೋಹಿತದಿಂದ 14.32 ಎಂದು 2024ರಲ್ಲಿ ಪ್ರಕಟವಾಯಿತು. ಆಲ್ಮಾ ದೂರದರ್ಶಕ ಆಮ್ಲಜನಕದ ರೇಖೆ ಹಿಡಿದ ಮೇಲೆ 14.18 ಎಂದು ನಿಖರವಾಯಿತು. ಅದರ ನಿರಪೇಕ್ಷ ಕಾಂತಿಮಾನ −20.8, ಆ ಯುಗಕ್ಕೆ ಯಾರೂ ನಿರೀಕ್ಷಿಸಿರದಷ್ಟು ಪ್ರಕಾಶ. ಇಂತಹವು ಬೆರಳೆಣಿಕೆಯಷ್ಟು. ಒಂದು ಅಂಕಣದಲ್ಲಿ ಎರಡೇ ಗೆಲಾಕ್ಸಿ ಇದ್ದು ಅದರಲ್ಲಿ ಒಂದು ವೇಷಧಾರಿಯಾದರೆ ನಿಮ್ಮ ಸಾಂದ್ರತೆ ಅರ್ಧಕ್ಕರ್ಧ ಬಿದ್ದುಹೋಗುತ್ತದೆ. ಮೂರು ಸಂಖ್ಯೆಗಳ ಶೆಕ್ಟರ್ ರೇಖೆಯನ್ನು ಅಲ್ಲಿ ಮುಕ್ತವಾಗಿ ಹೊಂದಿಸಲು ಹೋಗಬೇಡಿ. ಆಲ್ಫಾವನ್ನು ಕಡಿಮೆ ಪಲ್ಲಟಗಳ ಪ್ರವೃತ್ತಿಯಿಂದ ನಿಗದಿ ಮಾಡಿಕೊಂಡು ಉಳಿದದ್ದನ್ನು ಹೊಂದಿಸಿ. ಕೋಷ್ಟಕದಲ್ಲಿ ರೋಹಿತ ಇರುವ ಗೆಲಾಕ್ಸಿಗಳಿಗೂ ಬರೀ ಬಣ್ಣದಿಂದ ಆರಿಸಿದವುಗಳಿಗೂ ಬೇರೆ ಬೇರೆ ಕಾಲಂ ಮಾಡಿ, ಸಾಂದ್ರತೆಯನ್ನು ಎರಡು ಸಲ ಕೊಡಿ: ಎಲ್ಲವನ್ನೂ ಸೇರಿಸಿ ಒಮ್ಮೆ, ರೋಹಿತ ಇರುವವನ್ನಷ್ಟೇ ಎಣಿಸಿ ಇನ್ನೊಮ್ಮೆ.